ಎರಡು ಅಂಗುಲ ಹೆಚ್ಚು

ಜನವರಿ 6

ಅತ್ತೆಗೆ, ಗುಡ್ಡದ ಬುಡದ ಡೇರೆಯಿಂದ ನಮಸ್ಕಾರ.

ಇಲ್ಲಿ ಫೋನು ಸತ್ತ ಸಾಮಾನು. ಗುಡ್ಡ ಹತ್ತಿ ಬಂಡೆಯ ಮೇಲೆ ನಿಂತು ಕೈ ಮೇಲೆತ್ತಿದರೆ ಒಂದು ಗೆರೆ ಸಿಗ್ನಲ್ ಸಿಗುತ್ತದೆ. ಅಷ್ಟು ಹೊತ್ತಿಗೆ ಏನು ಹೇಳಬೇಕಿತ್ತು ಎಂಬುದೇ ಮರೆತಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಪೇಟೆಗೆ ಹೋಗುವ ಜೀಪಿನಲ್ಲಿ ಕಾಗದ ಕಳಿಸುತ್ತಿದ್ದೇನೆ. ನಿಮಗೂ ಫೋನಿನಲ್ಲಿ ಅಳತೆ ತೆಗೆದುಕೊಳ್ಳುವುದು ಇಷ್ಟವಿಲ್ಲವಲ್ಲ.

ಹೌದು, ಅಳತೆಯ ವಿಷಯಕ್ಕೇ ಬರೆಯುತ್ತಿರುವುದು. ಈ ಗುಡ್ಡದ ಈಚೆಗೊಂದು ಕೊಳ, ಆಚೆಗೊಂದು ಕೊಳ. ಎರಡರ ತಳದಲ್ಲೂ ನೀರು ತುಂಬಿದ ಗುಹೆಗಳಿವೆ. ಅವು ಗುಡ್ಡದ ಹೊಟ್ಟೆಯೊಳಗೆ ಒಂದನ್ನೊಂದು ಸೇರುತ್ತವೆಯೇ ಎಂದು ನೋಡುವುದು ನಮ್ಮ ತಂಡದ ಕೆಲಸ. ಡೈವರ್‌ಗಳು ಒಳಗೆ ಈಜಿ, ದಾರ ಬಿಟ್ಟು, ಅಳೆದು ತರುತ್ತಾರೆ. ನಿಮಗೆ ಗೊತ್ತಿರುವಂತೆ ನಾನು ನಕ್ಷೆ ಬಿಡಿಸುತ್ತೇನೆ. ನಕ್ಷೆಯಲ್ಲಿ ಈಗ ಎರಡು ಗೆರೆಗಳು ಎದುರುಬದುರಾಗಿ ಬಂದು ನಿಂತಿವೆ. ನಡುವೆ ಒಂದು ಇಕ್ಕಟ್ಟು. ಬೆನ್ನ ಮೇಲೆ ಸಿಲಿಂಡರ್ ಹೊತ್ತವರು ಅದರಲ್ಲಿ ತೂರಲಾರರು. ಸಿಲಿಂಡರ್‌ಗಳನ್ನು ಎರಡೂ ಕಂಕುಳಡಿ, ಪಕ್ಕೆಯ ಉದ್ದಕ್ಕೆ ಕಟ್ಟಿಕೊಂಡು ಚಪ್ಪಟೆಯಾಗಿ ಹೋಗಬೇಕು. ಹಾಗೆ ಕಟ್ಟಿಕೊಳ್ಳಲು ಬೇಕಾದ ಪಟ್ಟಿ, ರಿಂಗು, ಬಕಲ್‌ಗಳ ಕಟ್ಟಿಗೆ ಸೈಡ್‌ಮೌಂಟ್ ಹಾರ್ನೆಸ್ ಎನ್ನುತ್ತಾರೆ.

ನನ್ನ ಸಹೋದ್ಯೋಗಿಯೊಬ್ಬಳಿದ್ದಾಳೆ. ಆ ಇಕ್ಕಟ್ಟನ್ನು ಮೊದಲು ಕಂಡವಳೇ ಅವಳು. ಅಂಗಡಿಯ ಹಾರ್ನೆಸ್ ಹಾಕಿಕೊಂಡರೆ ಅಣ್ಣನ ಕೋಟಿನೊಳಗೆ ತಂಗಿ ಹೊಕ್ಕ ಹಾಗಿರುತ್ತದೆ. ಬೆನ್ನ ಮೇಲಿನ ಬಕಲ್ ಚಾವಣಿಗೆ ಉಜ್ಜುತ್ತದೆ. ಏಪ್ರಿಲ್ ಕಳೆದರೆ ನೀರು ಏರಿ ಕದಡುತ್ತದೆ, ತಂಡಕ್ಕೆ ಕೊಟ್ಟ ಅನುಮತಿಯೂ ಮುಗಿಯುತ್ತದೆ. ಅಷ್ಟರೊಳಗೆ ಮೈಗೊಪ್ಪುವ ಹಾರ್ನೆಸ್ ಸಿಗದಿದ್ದರೆ, ತಾನೇ ಕಂಡ ದಾರಿಯಲ್ಲಿ ಅವಳು ಹೋಗಲಾರಳು.

ನೀವು ಬಸ್ಸು ಲಾರಿಗಳ ಸೀಟು ಹೊಲಿಯುವವರು. ದಪ್ಪ ಸೂಜಿಯ ಮಿಷನ್ ಇದೆ, ಪಳಗಿದ ಕೈ ಇದೆ. ಮಾಡಿಕೊಡುತ್ತೀರಾ? ಚಿತ್ರ ಬರೆದು ಇಟ್ಟಿದ್ದೇನೆ. ಅವಳ ಎದೆಯ ಸುತ್ತು ಮೂವತ್ತಾರು ಅಂಗುಲ, ಸೊಂಟ ಮೂವತ್ತೆರಡು. ಎಡಭುಜ ಬಲಕ್ಕಿಂತ ಸ್ವಲ್ಪ ಇಳಿದಿದೆ, ಅದನ್ನು ಮರೆಯಬೇಡಿ.

ನಿಮ್ಮ ಸೊಸೆ


ಜನವರಿ 17

ಎಡಭುಜ ಇಳಿದವಳ ಗೆಳತಿಗೆ,

ಕಾಗದ ಸಿಕ್ಕಿತು. ಚಿತ್ರ ಚೆನ್ನಾಗಿದೆ. ಅದನ್ನು ತಲೆಕೆಳಗಾಗಿ ಹಿಡಿದು ನಿನ್ನ ಮಾವ, "ಇದು ಕುದುರೆಗೋ ಮನುಷ್ಯರಿಗೋ?" ಎಂದರು. ನನಗೆ ಮಾತ್ರ ನೋಡಿದ ತಕ್ಷಣ ಕೈ ತುರಿಸಿತು. ಸೀಟು ಹೊಲಿದು ಹೊಲಿದು ಸಾಕಾಗಿದೆ. ಕೂತವರ ಭಾರ ತಡೆಯುವುದಷ್ಟೇ ಆ ಹೊಲಿಗೆಯ ಹಣೆಬರಹ. ಇದು ಹಾಗಲ್ಲ, ಇದು ಹೊತ್ತುಕೊಂಡು ಹೋಗಬೇಕು.

ನೀನು ಬರೆದ ಅಳತೆಗಳನ್ನು ನೋಡಿದೆ. ನಾನು ಬರೆದದ್ದನ್ನೂ ಓದುತ್ತೇನೆ, ಬರೆದವರ ಮನಸ್ಸನ್ನೂ ಓದುತ್ತೇನೆ. ಹಾಗಾಗಿ ಸರಿಯಾದ ಅಳತೆಗೇ ಕತ್ತರಿಸಿದ್ದೇನೆ, ಚಿಂತೆ ಬೇಡ. ಅಂದಹಾಗೆ ನಿನ್ನ ಎಡಭುಜವೂ ಇಳಿದಿದೆ. ನಿನ್ನ ಮದುವೆಯ ದಿನದ ರವಿಕೆ ಹೊಲಿಯುವಾಗ ಆ ಭುಜಕ್ಕೆ ಒಳಗೊಂದು ಪದರ ಬಟ್ಟೆ ಇಟ್ಟವಳು ನಾನೇ. ಒಂದೇ ಡೇರೆಯಲ್ಲಿ ಇಬ್ಬರಿಗೂ ಒಂದೇ ತರಹ! ನೀರಿನ ಗುಣವಿರಬಹುದು.

ಮೊನ್ನೆ ನಿನ್ನ ಗಂಡ ಔಷಧಿ ಅಂಗಡಿ ಮುಚ್ಚಿ ಊಟಕ್ಕೆ ಬಂದಿದ್ದ. "ನಿನ್ ಹೆಂಡ್ತಿಗೆ ಈಜು ಬರುತ್ತೇನೋ?" ಎಂದೆ.

"ಅವಳಿಗಾ? ನಕ್ಷೆ ಬರೆಯೋಳಿಗೆ ಈಜು ಯಾಕಮ್ಮಾ?" ಎಂದವನು, ಉಪ್ಪೆಂದು ಸಕ್ಕರೆ ತೆಗೆದು ಹಾಕಿಕೊಂಡ. ಪೂರ್ತಿ ತಿಂದ.

ಹಾರ್ನೆಸ್ಸನ್ನು ಹೊಸ ಸೀಟ್‌ಬೆಲ್ಟಿನ ಪಟ್ಟಿಯಲ್ಲಿ ಮಾಡಿದ್ದೇನೆ. ಅಂಗಡಿಯ ಬೊಂಬೆಗೆ ತೊಡಿಸಿ ನೋಡಿದೆ, ಅಚ್ಚು ಹೊಯ್ದ ಹಾಗೆ ಕೂತಿದೆ. ನಿನ್ನ ಸಹೋದ್ಯೋಗಿಗೆ ಕೊಟ್ಟು, ಹೇಗಿದೆ ಅಂತ ಅವಳ ಬಾಯಲ್ಲೇ ಕೇಳಿ ಬರೆ.

ಅತ್ತೆ


ಫೆಬ್ರವರಿ 2

ಅತ್ತೆಗೆ,

ಪಾರ್ಸೆಲ್ ಬಿಚ್ಚಿದಾಗ ಎಲ್ಲರೂ ಸುತ್ತ ನೆರೆದರು. ಹೊಲಿಗೆ ನೋಡಿ ತಂಡದ ಹಿರಿಯರು ಕನ್ನಡಕ ಏರಿಸಿಕೊಂಡರು. ದಂಡೆಯಲ್ಲಿ ಹಾಕಿಕೊಂಡು ನಿಂತಾಗ ಅವಳು ರಾಣಿಯ ಹಾಗಿದ್ದಳು. ನೀರಿಗಿಳಿದ ಮೇಲೆ ಕತೆ ಬೇರೆಯಾಯಿತು.

ತಪ್ಪು ನನ್ನದು, ನಾನು ಹೇಳಬೇಕಿತ್ತು. ಗುಹೆಯೊಳಗೆ ಯಾರೂ ನಿಲ್ಲುವುದಿಲ್ಲ, ಅತ್ತೆ. ಮೇಜಿನ ಮೇಲೆ ಬೋರಲು ಮಲಗಿದ ಹಾಗೆ ಇರಬೇಕು, ತಲೆಯಿಂದ ಕಾಲಿನವರೆಗೆ ಒಂದೇ ಮಟ್ಟ. ನಿಂತ ಬೊಂಬೆಗೆ ಒಪ್ಪಿದ್ದು ಮಲಗಿದ ಮೈಗೆ ಒಪ್ಪುವುದಿಲ್ಲ. ಸಿಲಿಂಡರ್‌ಗಳು ಪಕ್ಕೆಗೆ ಅಂಟಿಕೊಳ್ಳುವ ಬದಲು ಹೊಟ್ಟೆಯ ಕೆಳಗೆ ಜೋತುಬಿದ್ದವು. ಅವಳ ಜೊತೆ ಇಳಿಯುವ ಹುಡುಗನೊಬ್ಬನಿದ್ದಾನೆ, ಕಾಲು ಬಡಿಯುವ ರೀತಿಗೆ ಎಲ್ಲರೂ ಕಪ್ಪೆ ಎಂದು ಕರೆಯುತ್ತೇವೆ. ಮೇಲೆ ಬಂದವನೇ, "ಏನಕ್ಕಾ, ಎರಡೂ ಕಡೆ ಕ್ಯಾನ್ ನೇತಾಕ್ಕೊಂಡು ಹಾಲು ಮಾರೋಕೆ ಹೊರಟ್ಯಾ?" ಎಂದ.

ಸಿಲಿಂಡರಿನ ಕುತ್ತಿಗೆಯನ್ನು ಕಂಕುಳಿಗೆ ಎಳೆದು ಹಿಡಿಯಲು ಬೆನ್ನ ಹಿಂದಿನಿಂದ ದಪ್ಪ ಎಲಾಸ್ಟಿಕ್ ಹಗ್ಗ ಬೇಕು. ಅದರ ಬಾಲವನ್ನು, ಅಂದರೆ ಬುಡವನ್ನು, ಕ್ಲಿಪ್ಪಿನಿಂದ ಸಿಕ್ಕಿಸಲು ಸೊಂಟದಲ್ಲಿ ರಿಂಗು ಬೇಕು, ಒಂದಲ್ಲ ಎರಡೆರಡು. ಗಾಳಿ ಖರ್ಚಾದಂತೆ ಸಿಲಿಂಡರ್ ಹಗುರಾಗಿ ಅದರ ಬಾಲ ಮೇಲಕ್ಕೇಳುತ್ತದೆ. ಆಗ ಕ್ಲಿಪ್ಪನ್ನು ಹಿಂದಿನ ರಿಂಗಿನಿಂದ ಬಿಡಿಸಿ ಮುಂದಿನದಕ್ಕೆ ಹಾಕಿಕೊಳ್ಳಬೇಕು. ಸೀಟ್‌ಬೆಲ್ಟಿನ ಪಟ್ಟಿ ಒದ್ದೆಯಾದರೆ ನುಣುಪು, ಬಕಲ್ ಜಾರುತ್ತದೆ. ಒರಟು ಪಟ್ಟಿ ಸಿಕ್ಕರೆ ಒಳ್ಳೆಯದು.

ಮೈಗೆ ಸ್ವಲ್ಪ ಬಿಗಿ ಎಂದಳು. ಹೊಸದಲ್ಲವೇ, ಹೊಂದಿಕೊಳ್ಳುತ್ತದೆ ಎಂದೆ.

ನಿಮ್ಮ ಸೊಸೆ


ಫೆಬ್ರವರಿ 12

ಸೊಸೆಗೆ,

ನಿಂತ ಬೊಂಬೆಯನ್ನು ಮೂಲೆಗೆ ತಳ್ಳಿದ್ದೇನೆ. ಈಗ ನನ್ನ ಬೊಂಬೆ ನಿನ್ನ ಮಾವ.

ಎರಡು ಸ್ಟೂಲು ಹಾಕಿ, ಒಂದರ ಮೇಲೆ ಅವರ ಎದೆ, ಇನ್ನೊಂದರ ಮೇಲೆ ತೊಡೆ. ಹೊಟ್ಟೆ ಮಧ್ಯದಲ್ಲಿ ಗಾಳಿಗೆ. ಎರಡೂ ಪಕ್ಕೆಗೆ ನೀರು ತುಂಬಿದ ಕ್ಯಾನುಗಳನ್ನು ಕಟ್ಟಿದೆ. ನಾನು ಬಾಯಲ್ಲಿ ಸೂಜಿ ಕಚ್ಚಿಕೊಂಡು ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಸೀಟು ಕೇಳಿಕೊಂಡು ಲಾರಿ ಡ್ರೈವರ್ ಬಂದ.

"ಯಜಮಾನ್ರಿಗೆ ಏನಾಯ್ತಮ್ಮಾ?"

"ಏನಿಲ್ಲ, ಗುಹೆಯೊಳಗೆ ಹೋಗ್ತಿದಾರೆ. ನೀವು ಕೂತ್ಕೊಳ್ಳಿ."

"ಬೇಗ ಮುಗಿಸೇ, ಉಸಿರು ಕಟ್ತಿದೆ," ಎಂದರು ಮಾವ.

"ಒಳಗೆ ಹೋದೋರು ಮಾತಾಡೋ ಹಾಗಿಲ್ಲ. ಬಾಯಲ್ಲಿ ಕೊಳವೆ ಇರುತ್ತೆ."

"ಮದುವೆಯಾದಾಗಿನಿಂದ ಇದೆ ಬಿಡು," ಎಂದರು. ಡ್ರೈವರ್ ನಕ್ಕೂ ನಕ್ಕೂ ಬಾಗಿಲಿಗೆ ಒರಗಿದ. ಆಮೇಲೆ ಅವನೇ ಒಂದು ಉಪಕಾರ ಮಾಡಿದ. ಲಾರಿಯ ಮೇಲೆ ಸರಕು ಬಿಗಿಯುವ ಪಟ್ಟಿ ತಂದುಕೊಟ್ಟ. ಒರಟು, ಅಂಚು ಗಟ್ಟಿ. ನೀರಿನಲ್ಲಿ ನೆನೆಸಿ ಬಕಲ್ ಹಾಕಿ ಜಗ್ಗಿದೆ, ಒಂದು ಎಳೆಯೂ ಜಾರಲಿಲ್ಲ.

ಎರಡನೆಯದು ಇದರ ಜೊತೆಗಿದೆ. ಎಲಾಸ್ಟಿಕ್ ಹಗ್ಗ, ಎರಡೆರಡು ರಿಂಗು, ಎಲ್ಲ ನೀನು ಹೇಳಿದ ಹಾಗೆ. ಅಳತೆ ಮೊದಲಿನದೇ.

ಒಂದು ಪ್ರಶ್ನೆ. ಅಷ್ಟು ಒಳಗೆ ಹೋದಾಗ ಗಾಳಿ ಮುಗಿದರೆ ನಿನ್ನ ಸಹೋದ್ಯೋಗಿ ಏನು ಮಾಡುತ್ತಾಳೆ? ಅವಳ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಕೇಳುತ್ತಿದ್ದರು, ಅದಕ್ಕೆ ಕೇಳಿದೆ.

ಅತ್ತೆ


ಫೆಬ್ರವರಿ 26

ಅತ್ತೆಗೆ,

ಮಾವನವರ ಸೊಂಟ ಹೇಗಿದೆ? ನಿಮ್ಮ ಕಾಗದವನ್ನು ಡೇರೆಯಲ್ಲಿ ಗಟ್ಟಿಯಾಗಿ ಓದಿದೆ. ಇಲ್ಲಿ ಅವರಿಗೆ ಅಭಿಮಾನಿಗಳಾಗಿದ್ದಾರೆ.

ನಿಮ್ಮ ಪ್ರಶ್ನೆಗೆ ಉತ್ತರ: ಗಾಳಿಯನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಹೋಗಲು, ಒಂದು ಬರಲು, ಒಂದು ಯಾರಿಗೆ ಏನಾದರೂ ಆದರೆ ಎಂದು. ಮೊದಲ ಪಾಲು ಮುಗಿದ ಕ್ಷಣ, ಎದುರಿಗೆ ಚಿನ್ನದ ಅರಮನೆಯೇ ಕಂಡರೂ ತಿರುಗಿಬಿಡಬೇಕು. ಅವಳು ತಿರುಗುತ್ತಾಳೆ. ಅವಳ ಮನೆಯವರಿಗೆ ಹಾಗೆಂದು ಹೇಳಬಹುದು.

ಎರಡನೆಯ ಹಾರ್ನೆಸ್ಸಿನಲ್ಲಿ ಸಿಲಿಂಡರ್‌ಗಳು ಪಕ್ಕೆಗೆ ಅಂಟಿ ಕೂತಿವೆ. ಆದರೆ ಸೊಂಟದ ಪಟ್ಟಿ ಅವಳಿಗೆ ಸಾಲುತ್ತಿಲ್ಲ. ಬಕಲ್ ದಾಟಿ ಒಂದು ಬೆರಳೂ ಉಳಿಯುವುದಿಲ್ಲ. ಪೂರ್ತಿ ಉಸಿರು ಎಳೆಯಲಾಗುತ್ತಿಲ್ಲವಂತೆ. ಮೂರು ದಿನದಿಂದ ಮೇಲೆ ಬಂದ ಮೇಲೆ ವಾಕರಿಕೆ, ತಿಂದದ್ದು ನಿಲ್ಲುತ್ತಿಲ್ಲ, ಸಂಜೆಗೇ ಮಲಗಿಬಿಡುತ್ತಾಳೆ. ಎರಡು ಅಂಗುಲ ಬಿಟ್ಟುಕೊಡಲು ಆಗುತ್ತದೆಯೇ? ಹಾರ್ನೆಸ್ ವಾಪಸ್ ಕಳಿಸುತ್ತಿದ್ದೇನೆ.

ನಿಮ್ಮ ಸೊಸೆ


ಮಾರ್ಚ್ 5

ಸೊಸೆಯೇ, ನೀರಿಗೆ ಇಳಿಯಬೇಡ.

ಸಹೋದ್ಯೋಗಿ ಅಂತೆ, ಸಹೋದ್ಯೋಗಿ! ಮೊದಲ ಕಾಗದದಲ್ಲೇ ಗೊತ್ತಾಗಿತ್ತು ನನಗೆ. ನೀನು ಎದೆಗೂ ಸೊಂಟಕ್ಕೂ ಎರಡೆರಡು ಅಂಗುಲ ಸೇರಿಸಿ ಬರೆದದ್ದು ನನ್ನ ಕಣ್ಣಿಗೆ ಮಣ್ಣೆರಚಲು ಅಂತಲೂ ಗೊತ್ತಾಗಿತ್ತು. ನಿನ್ನ ಮೈಯ ಅಳತೆ ನನ್ನ ಕೈಯಲ್ಲಿದೆ, ಕಾಗದದಲ್ಲಿ ಓದಬೇಕಾಗಿಲ್ಲ. ಆ ಎರಡೆರಡು ಅಂಗುಲ ತೆಗೆದುಹಾಕಿ ನಿನ್ನ ಮೈಗೇ ಹೊಲಿದೆ, ಎರಡು ಸಲವೂ. ಆಡುತ್ತಾಳೆ ಆಡಲಿ, ಹೇಳುವ ದಿನ ತಾನೇ ಹೇಳುತ್ತಾಳೆ ಅಂತ ಸುಮ್ಮನಿದ್ದೆ.

ಆದರೆ ಈಗ ಸುಮ್ಮನಿರಲಾರೆ. ವಾಕರಿಕೆ ಅಂತೀಯ. ಸಂಜೆಗೇ ನಿದ್ದೆ ಅಂತೀಯ. ನಿನ್ನ ಅಳತೆಗೇ ಹೊಲಿದ ಪಟ್ಟಿ ನಿನ್ನ ಸೊಂಟಕ್ಕೆ ಸಾಲುತ್ತಿಲ್ಲ ಅಂತೀಯ. ಇಷ್ಟು ಓದಿದವಳಿಗೆ ಇದೇನೆಂದು ನಾನು ಬಿಡಿಸಿ ಹೇಳಬೇಕೆ? ನೀನು ಹೊರಟದ್ದು ಡಿಸೆಂಬರ್ ಕೊನೆಗೆ. ನಾನು ಬೆರಳು ಮಡಿಚಿ ನೋಡಿದೆ. ನಿನ್ನ ಗಂಡನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವನು ಅಂಗಡಿಯಲ್ಲಿ ಯಾರಿಗೋ ಏನೋ ಮಾತ್ರೆ ಕೊಟ್ಟಾನು.

ಗುಹೆ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ಜೀಪಿಗೆ ಹೊರಟು ಬಾ. ಭಾರ ಎತ್ತಬೇಡ.

ಅತ್ತೆ


ಮಾರ್ಚ್ 13

ಅತ್ತೆ,

ಕಾಗದ ಓದಿ ಮೊದಲು ನಕ್ಕೆ. ಎಷ್ಟು ಜೋರಾಗಿ ಎಂದರೆ ಕಪ್ಪೆ ಪಕ್ಕದ ಡೇರೆಯಿಂದ ಓಡಿ ಬಂದ. ಆಮೇಲೆ ನಗು ನಿಂತಿತು. ನೀವು ಬರೆದದ್ದನ್ನು ಇನ್ನೊಮ್ಮೆ ಓದಿದಾಗ ನನಗೇ ಅನುಮಾನ ಬಂತು. ಜೀಪಿನಲ್ಲಿ ಪೇಟೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಹೋಗುವಾಗ ದಾರಿಯುದ್ದಕ್ಕೂ ಏನೇನೋ ಅಂದುಕೊಂಡೆ. ಬರುವಾಗ ಕಿಟಕಿಯಾಚೆ ನೋಡುತ್ತಾ ಕೂತೆ.

ಮಗು ಇಲ್ಲ, ಅತ್ತೆ. ರಬ್ಬರು.

ಗುಹೆಯ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ. ಚಪ್ಪಲಿಯ ಅಟ್ಟೆಯಷ್ಟು ದಪ್ಪದ ರಬ್ಬರ್ ಸೂಟು ತೊಟ್ಟು, ಅದರ ಮೇಲೆ ಹಾರ್ನೆಸ್ ಹಾಕಿಕೊಳ್ಳಬೇಕು. ಎರಡೆರಡು ಅಂಗುಲ ಸೇರಿಸಿದ್ದು ಆ ಸೂಟಿಗೆ. ನಿಮ್ಮ ಕಣ್ಣಿಗೆ ಮಣ್ಣೆರಚುವಷ್ಟು ಜಾಣತನ ನನಗೆಲ್ಲಿಂದ ಬರಬೇಕು! ಸುಳ್ಳು ಹೇಳಿದ ಕಾಗದದಲ್ಲಿ ನಿಜವಾಗಿ ಬರೆದಿದ್ದು ಆ ಅಳತೆಯೊಂದೇ. ನೀವು ಸುಳ್ಳನ್ನೆಲ್ಲ ಬಿಟ್ಟು ಅದನ್ನೇ ತಿದ್ದಿದಿರಿ.

ಪಟ್ಟಿ ಸಾಲದೆ ಹೋದಾಗ ನಾನೇನು ಅಂದುಕೊಂಡೆ ಗೊತ್ತೇ? ಅತ್ತೆಯ ಕೈ ಮೊದಲ ಸಲ ಅಳತೆ ತಪ್ಪಿತು ಎಂದು. ಅದನ್ನು ನಿಮಗೆ ಹೇಗೆ ಹೇಳುವುದು? ಹೊಟ್ಟೆ ಒಳಗೆಳೆದುಕೊಂಡು ನೀರಿಗಿಳಿದೆ. ಬೆಳಗಿನ ತಿಂಡಿಯೆಲ್ಲ ಬಾಯಿಗೆ ಬಂದದ್ದು, ಸಂಜೆಗೇ ಕಣ್ಣು ಮುಚ್ಚಿಹೋದದ್ದು ಅದಕ್ಕೆ.

ಇನ್ನು, ಯಾಕೆ ಮುಚ್ಚಿಟ್ಟೆ ಎಂಬುದು. ಹೊಸದಾಗಿ ಮನೆಗೆ ಬಂದಾಗ ನಾನು ಅಟ್ಟದ ಏಣಿ ಹತ್ತಿದ್ದೆ. ನೀವು ಕೆಳಗೆ ಏಣಿ ಹಿಡಿದು ನಿಂತಿರಿ. ಯಾರೋ ಗಿರಾಕಿ ಕೂಗಿದರೂ ಹೋಗಲಿಲ್ಲ, ನಾನು ಇಳಿಯುವ ತನಕ ಕೈ ಬಿಡಲಿಲ್ಲ. ನೀರಿನೊಳಗೆ ನಿಮಗೆ ಹಿಡಿದುಕೊಳ್ಳಲು ಏಣಿ ಇಲ್ಲ. ನಾನು ನೀರಿಗಿಳಿಯುವುದು ಗೊತ್ತಿದ್ದೂ ನಿಮ್ಮ ಮಗ ನಾಲ್ಕು ವರ್ಷದಿಂದ ಬಾಯಿ ಬಿಗಿಹಿಡಿದದ್ದು ನನ್ನ ಮಾತಿಗೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಸೂಟು ತೊಟ್ಟು ನಿಂತು, ಕಪ್ಪೆಯ ಕೈಯಲ್ಲಿ ದಾರ ಸುತ್ತಿಸಿ ಕತ್ತರಿಸಿ ಕಳಿಸುತ್ತಿದ್ದೇನೆ. ಬಿಳಿಯದು ಎದೆ, ಕಪ್ಪು ಸೊಂಟ, ನೀಲಿ ಭುಜದಿಂದ ತೊಡೆಯ ಸಂದಿನವರೆಗೆ. ಇನ್ನೊಮ್ಮೆ ಹೊಲಿಯುತ್ತೀರಾ? ನಾನು ಆ ಇಕ್ಕಟ್ಟಿನಲ್ಲಿ ಹೋಗಿ ನೋಡಬೇಕು, ಅತ್ತೆ. ಬೇಡ ಎಂದರೂ ಅರ್ಥವಾಗುತ್ತದೆ.

ನಿಮ್ಮ ಸೊಸೆ


ಮಾರ್ಚ್ 22

ಸೊಸೆಗೆ,

ಬೇಸರವಾಯಿತೇ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಆಯಿತು. ಅರ್ಧ ದಿನ ಆಯಿತು. ಮಿಷನ್ ಮುಂದೆ ಸುಮ್ಮನೆ ಕೂತಿದ್ದೆ. ನಿನಗೂ ಆ ಕಿಟಕಿಯ ಹತ್ತಿರ ಆದದ್ದು ಅದೇ ಇರಬೇಕು. ಅದನ್ನು ಅಲ್ಲಿಗೆ ಬಿಡೋಣ, ನೀನು ಮನೆಗೆ ಬಂದ ಮೇಲೆ ಇಬ್ಬರೂ ಪಕ್ಕದಲ್ಲಿ ಕೂತು ಇನ್ನರ್ಧ ದಿನ ಬೇಸರ ಮಾಡಿಕೊಳ್ಳೋಣ.

ಮಧ್ಯಾಹ್ನದ ಮೇಲೆ ದಾರಗಳನ್ನು ಮೇಜಿನ ಮೇಲೆ ಹಾಸಿ ಅಳೆದೆ. ಬಿಳಿಯದು ಸರಿಯಾಗಿ ಮೂವತ್ತಾರು. ಕಪ್ಪು ಮೂವತ್ತೆರಡು. ನಿನ್ನ ಮೊದಲ ಕಾಗದದಲ್ಲಿ ಇದ್ದದ್ದೇ. ನಿನ್ನ ಮಾವ ಹಿಂದಿನಿಂದ ಬಗ್ಗಿ ನೋಡಿ, "ಬರೆದವರ ಮನಸ್ಸನ್ನೂ ಓದ್ತೀನಿ ಅಂತಿದ್ಯಲ್ಲ, ಈಗ ಏನು ಓದಿದೆ?" ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಸ್ಟೂಲಿನ ಮೇಲೆ ಮಲಗಬೇಕಾಗಿ ಬಂದಾಗ ರಾಜಿಯಾಯಿತು.

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಯೋಚಿಸಿದೆ. ಇನ್ನು ಮುಚ್ಚುಮರೆ ಸಾಕು. ಈ ಹಾರ್ನೆಸ್ ನಾನು ನಿಧಾನವಾಗಿ ಹೊಲಿದರೆ ಏನಾಗುತ್ತದೆ? ದಾರ ಬರಲಿಲ್ಲ, ಸೂಜಿ ಮುರಿಯಿತು, ಪೋಸ್ಟಿನವರು ತಡ ಮಾಡಿದರು. ಏಪ್ರಿಲ್ ಕಳೆದುಹೋಗುತ್ತದೆ. ನೀರು ತಾನೇ ಏರುತ್ತದೆ. ನಾನು ಬೇಡ ಎನ್ನಲೇಬೇಕಾಗಿಲ್ಲ. ಮೂರು ದಿನ ಪಟ್ಟಿಯ ಸುರುಳಿಯನ್ನು ಮೊಳೆಯಿಂದ ಇಳಿಸಲೇ ಇಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಇಳಿಸಿದೆ. ಏಣಿ ಹಿಡಿದು ನಿಲ್ಲುವುದೆಂದರೆ ಹತ್ತಿದವಳನ್ನು ಕೆಳಗೆ ಎಳೆಯುವುದಲ್ಲವಲ್ಲ. ನೀರಿನೊಳಗೆ ನನಗೆ ಹಿಡಿಯಲು ಏನಿಲ್ಲ ಎಂದು ಬರೆದಿದ್ದೀಯ. ನಿನ್ನ ಎದೆ, ಬೆನ್ನು, ಸೊಂಟ, ಎರಡೂ ಭುಜ ಹಿಡಿದಿರುವುದು ಯಾರು ಹಾಗಾದರೆ?

ದಾರ ಸುತ್ತಿದಾಗ ನೀನು ಉಸಿರು ಎಳೆದಿದ್ದೆಯೋ ಬಿಟ್ಟಿದ್ದೆಯೋ ಬರೆದಿಲ್ಲ. ಬಿಟ್ಟಿದ್ದೆ ಎಂದೇ ಹಿಡಿದು, ಎಳೆಯುವ ಉಸಿರಿಗೆ ಜಾಗವಿಟ್ಟು ಹೊಲಿದಿದ್ದೇನೆ. ಬೆನ್ನಿನ ಮೇಲೆ ಬಕಲ್ ಇಲ್ಲ, ಪಟ್ಟಿ ಪಟ್ಟಿಗೇ ಕೂಡಿಸಿದ ಹೊಲಿಗೆ. ಕೈಯಾಡಿಸಿ ನೋಡು, ಗಂಟು ಸಿಗುವುದಿಲ್ಲ. ಎಲ್ಲ ತುದಿಗಳನ್ನೂ ಒಳಕ್ಕೆ ಮಡಿಚಿದ್ದೇನೆ. ಇಳಿದ ಭುಜದ ಕಡೆ ಎಲಾಸ್ಟಿಕ್ ಅರ್ಧ ಅಂಗುಲ ಗಿಡ್ಡ.

ಇನ್ನು ಮೇಲೆ "ಸ್ವಲ್ಪ ಬಿಗಿ" ಎಂದು ಬರೆದರೆ ಸುಮ್ಮನಿರುವುದಿಲ್ಲ. ಎಲ್ಲಿ, ಎಷ್ಟು, ಬರೆ. ನಿನ್ನ ಗಂಡನನ್ನು ಬೈದಿದ್ದೇನೆ. ನಾಲ್ಕು ವರ್ಷದ್ದು ಒಟ್ಟಿಗೆ.

ಹೋಗಿ ನೋಡಿ ಬಾ. ಮೂರನೇ ಒಂದು ಪಾಲು ಮುಗಿದರೆ ತಿರುಗು.

ಅತ್ತೆ


ಏಪ್ರಿಲ್ 9

ಅತ್ತೆ, ಅತ್ತೆ, ಅತ್ತೆ,

ಮೊದಲು ಸುದ್ದಿ: ಸೇರುತ್ತವೆ. ಎರಡೂ ಕೊಳಗಳು ಸೇರುತ್ತವೆ. ನಾನು ಈಚೆ ಮುಳುಗಿ ಆಚೆ ಎದ್ದೆ.

ಈಗ ಸಾವಧಾನವಾಗಿ ಹೇಳುತ್ತೇನೆ. ಎರಡು ಸಲ ಹೋದೆ. ಐದನೇ ತಾರೀಕು ಕಪ್ಪೆ ಇಕ್ಕಟ್ಟಿನ ಬಾಯಿಯವರೆಗೆ ಬಂದು ಅಲ್ಲಿ ದೀಪ ಹಿಡಿದು ಕಾದ. ನಾನು ಒಳಗೆ ತೂರಿದೆ. ಕೆಳಗೆ ಹಿಟ್ಟಿನಂಥ ಹೂಳು, ಬೆರಳು ತಾಗಿದರೆ ಹೊಗೆಯ ಹಾಗೆ ಏಳುತ್ತದೆ. ಮೇಲೆ ಬಂಡೆ. ತೀರಾ ಕಿರಿದಾದಲ್ಲಿ ಎಡ ಸಿಲಿಂಡರಿನ ಬಾಲದ ಕ್ಲಿಪ್ ಬಿಡಿಸಿ, ಅದನ್ನು ಮುಂದಕ್ಕೆ ತಿರುಗಿಸಿ, ತಳ್ಳಿಕೊಂಡು ಹೋಗಬೇಕು. ಬಿಡಿಸಿದೆ, ತಳ್ಳಿದೆ. ನನ್ನ ಬೆನ್ನು ಚಾವಣಿಗೆ ತಾಗಿತು, ಜಾರಿತು. ಏನೂ ತಗುಲಲಿಲ್ಲ. ಆಚೆ ದಾರಿ ಮತ್ತೆ ಅಗಲವಾಗಿತ್ತು, ಮುಂದೆ ಒಂದು ತಿರುವು. ತಿರುವಿನಾಚೆ ಏನಿದೆ ಎಂದು ನೋಡಲು ಇನ್ನು ನಾಲ್ಕು ಸಲ ಕಾಲು ಬಡಿದರೆ ಸಾಕಿತ್ತು. ಗಾಳಿಯ ಮೀಟರಿನ ಮುಳ್ಳು ನೋಡಿದೆ. ಮೊದಲ ಪಾಲು ಮುಗಿದಿತ್ತು.

ತಿರುಗಿದೆ, ಅತ್ತೆ. ಎಷ್ಟು ಹೊಟ್ಟೆ ಉರಿಯಿತೋ ಕೇಳಬೇಡಿ.

ಡೇರೆಗೆ ಬಂದು ಲೆಕ್ಕ ಹಾಕಿದಾಗ ಗೊತ್ತಾಯಿತು, ಹೆದರಿ ಗಾಳಿ ಜಾಸ್ತಿ ಎಳೆದಿದ್ದೆ. ಹಾರ್ನೆಸ್ ನನಗೆ ಜಾಗ ಕೊಟ್ಟಿತ್ತು, ನಾನೇ ಹಳೆಯ ಅಭ್ಯಾಸಕ್ಕೆ ಹೊಟ್ಟೆ ಒಳಗೆಳೆದುಕೊಂಡು ಸಣ್ಣ ಸಣ್ಣ ಉಸಿರಾಡುತ್ತಿದ್ದೆ! ಮರುದಿನ ದಂಡೆಯ ಹತ್ತಿರ ನೀರಿನಲ್ಲಿ ಬೋರಲು ಮಲಗಿ ಬರೀ ಉಸಿರಾಡಿದೆ. ನಿಧಾನವಾಗಿ ಒಳಗೆ, ನಿಧಾನವಾಗಿ ಹೊರಗೆ. ಪಟ್ಟಿ ನನ್ನ ಜೊತೆಗೇ ಅಗಲವಾಗುತ್ತಿತ್ತು, ನನ್ನ ಜೊತೆಗೇ ಇಳಿಯುತ್ತಿತ್ತು. ಯಾರೋ ಬೆನ್ನ ಮೇಲೆ ಅಂಗೈ ಇಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಪಟ್ಟಿ ಇರುವುದೇ ಮರೆತುಹೋಯಿತು.

ಏಳನೇ ತಾರೀಕು ಮತ್ತೆ ಹೋದೆ. ಅದೇ ಹೂಳು, ಅದೇ ಬಂಡೆ. ತಿರುವಿಗೆ ಬಂದಾಗ ಮೊದಲ ಪಾಲಿನಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು. ತಿರುವು ದಾಟಿ ದೀಪ ಹಾಯಿಸಿದೆ. ಎದುರಿನ ಗೋಡೆಯಲ್ಲಿ ಬಿಳಿಯದೊಂದು ಎಳೆ. ಹೋದ ವರ್ಷ ಆಚೆ ಕೊಳದಿಂದ ಬಂದವರು ಕಟ್ಟಿ ಬಿಟ್ಟುಹೋದ ದಾರದ ತುದಿ. ಮುಟ್ಟಿದೆ. ಬಾಯಲ್ಲಿ ಕೊಳವೆ ಇಟ್ಟುಕೊಂಡು ನಗಬಾರದು, ನೀರು ನುಗ್ಗುತ್ತದೆ. ನಕ್ಕೆ. ನೀರು ನುಗ್ಗಿತು. ನನ್ನ ದಾರವನ್ನು ಅದಕ್ಕೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿದೆ.

ದಾರ ಸೇರಿದರೆ ಆಚೆಯಿಂದಲೇ ಹೊರಬರುವುದು, ಅದೇ ಹತ್ತಿರದ ದಾರಿ, ಜೀಪು ಅಲ್ಲಿ ಕಾಯುವುದು ಎಂದು ಮೊದಲೇ ಮಾತಾಗಿತ್ತು. ಆಚೆ ಕೊಳದಲ್ಲಿ ತಲೆಯೆತ್ತಿದೆ. ಜೀಪು ಇನ್ನೂ ಬಂದಿರಲಿಲ್ಲ. ಬಿಸಿಲು. ದಂಡೆಯಲ್ಲಿ ಒಬ್ಬ ಹೆಂಗಸು ಕಂಬಳಿ ಒಗೆಯುತ್ತಿದ್ದಳು. ನನ್ನನ್ನು ಕಂಡು ಕಂಬಳಿ ಕೈಬಿಟ್ಟಳು.

"ಅಯ್ಯೋ ನಿನ್ನ! ಯಾರೇ ನೀನು? ಎಲ್ಲಿಂದ ಬಂದೆ?"

"ಗುಡ್ಡದ ಆ ಕಡೆ ಕೊಳದಿಂದ."

"ಗುಡ್ಡ ಸುತ್ತಿ ನಡ್ಕೊಂಡು ಬರೋಕೆ ಏನಾಗಿತ್ತು? ನೀರೆಲ್ಲ ಕದಡಿಬಿಟ್ಯಲ್ಲ!"

ತೇಲಿಹೋಗುತ್ತಿದ್ದ ಕಂಬಳಿಯನ್ನು ಹಿಡಿದು ತಂದುಕೊಟ್ಟೆ. ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ಹಿಂಡಿದೆವು. ಆಮೇಲೆ ಹತ್ತಿರ ಬಂದು ನನ್ನ ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಇದ್ಯಾರು ಹೊಲಿದಿದ್ದು?"

"ನಮ್ಮತ್ತೆ."

"ಸೊಸೇನ ನೀರಿಗೆ ತಳ್ಳೋಕೆ ಇಷ್ಟು ಚೆನ್ನಾಗಿ ಹೊಲಿದ್ರಾ?"

"ಇಲ್ಲಮ್ಮ, ಮೇಲೆ ಬರೋಕೆ," ಎಂದೆ.

ನಿಮ್ಮ ಸೊಸೆ


ಏಪ್ರಿಲ್ 17

ಮಗಳೇ,

ಕಾಗದ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕಾಯಿರಿ ಎಂದೆ. ನಿಂತೇ ಓದಿದೆ. ಎರಡನೆಯ ಸಲ ಗಟ್ಟಿಯಾಗಿ ಓದಿದೆ. ನೀನು ತಿರುಗಿ ಬಂದ ಜಾಗಕ್ಕೆ ಬಂದಾಗ ಲಾರಿ ಡ್ರೈವರ್, "ಇನ್ನು ನಾಲ್ಕೇ ಸಲ ಕಾಲು ಬಡಿದಿದ್ರೆ!" ಎಂದು ತೊಡೆ ತಟ್ಟಿದ. ನಾನು ಅವನನ್ನು ಎಂಥ ಕಣ್ಣಲ್ಲಿ ನೋಡಿದೆನೆಂದರೆ, ಸೀಟಿನ ದುಡ್ಡು ಚೌಕಾಸಿ ಮಾಡದೆ ಕೊಟ್ಟುಹೋದ. ದಾರ ಕಟ್ಟುವ ಜಾಗಕ್ಕಿಂತ ಆ ತಿರುಗಿದ ಜಾಗವನ್ನೇ ನಾನು ಹೆಚ್ಚು ಸಲ ಓದಿದ್ದೇನೆ. ಯಾಕೆಂದು ನಿನಗೆ ಗೊತ್ತು.

ನಿನ್ನ ಮಾವ ರಸ್ತೆಯವರಿಗೆಲ್ಲ ತಾವೇ ಗುಹೆ ದಾಟಿದ ಹಾಗೆ ಹೇಳುತ್ತಿದ್ದಾರೆ. ದಿನದಿಂದ ದಿನಕ್ಕೆ ಗುಹೆ ಕಿರಿದಾಗುತ್ತಿದೆ. ನಿನ್ನ ಗಂಡ ಈಗ ಊಟದ ಹೊತ್ತಿಗೆ ಬಾಯಿ ತುಂಬ ಮಾತಾಡುತ್ತಾನೆ. ಇಷ್ಟು ದಿನ ಎಲ್ಲಿಟ್ಟುಕೊಂಡಿದ್ದನೋ.

ಆ ಕಂಬಳಿಯವಳ ಬಗ್ಗೆ ಬರೆದದ್ದು ಸಾಲದು. ಹೊಲಿಗೆಯನ್ನು ತಿರುಗಿಸಿ ಒಳಮೈ ನೋಡಿದಳೇ? ಹೊಲಿಗೆ ಗೊತ್ತಿರುವವರು ಒಳಮೈ ನೋಡುತ್ತಾರೆ.

ನೀನು ಮುಂದಿನ ವಾರ ಹೊರಡುತ್ತೀಯೆಂದು ನಿನ್ನ ಗಂಡ ಹೇಳಿದ. ಹಾರ್ನೆಸ್ಸನ್ನು ಪಾರ್ಸೆಲ್ ಮಾಡಬೇಡ, ಚೀಲದ ತಳಕ್ಕೂ ತುರುಕಬೇಡ. ಮೂರು ಸಲ ಹೊಲಿದಿದ್ದೇನೆ, ಒಂದು ಸಲ ಬೊಂಬೆಯ ಮೇಲೆ, ಎರಡು ಸಲ ಮಾವನ ಬೆನ್ನ ಮೇಲೆ ನೋಡಿದ್ದೇನೆ. ನಿನ್ನ ಮೈಮೇಲೆ ಇನ್ನೂ ನೋಡಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹಾಕಿಕೊಂಡು ಬಾ. ರಸ್ತೆಯವರು ನಗಲಿ. ಅಂಗಡಿಯ ಬಾಗಿಲಲ್ಲಿ ನಿಂತು ಎದೆ ತುಂಬ ಒಂದು ಉಸಿರು ಎಳೆ, ಬಿಡಬೇಡ. ನಾನು ಕನ್ನಡಕ ಹಾಕಿಕೊಂಡು ಬಂದು, ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡುವವರೆಗೆ.

ಅತ್ತೆ